ನಾಂದಿವಾಡಿ ಫಾಟಕದ ಭುಜಂಗಣ್ಣ

ಉಮಾವತಿ ತೀರಿಹೋದ ಮೇಲೆ ನಮ್ಮ ಬಿಲ್ಡಿಂಗಿನಲ್ಲಿ ಎರಡು ಬಗೆಯ ಮಾತು ಹುಟ್ಟಿಕೊಂಡಿತು. ಗಂಡನ ಹಟವೇ ಅವಳನ್ನು ತಿಂದಿತು ಎನ್ನುವವರು ಕೆಲವರು; ಫಾಟಕ ಮುಚ್ಚಿದ್ದೇ ತಿಂದಿತು ಎನ್ನುವವರು ಕೆಲವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಒಗ್ಗರಣೆಯ ಸದ್ದು, ಕೆಮ್ಮು, ಜಗಳ ಎಲ್ಲ ಈಚೆಗೆ ಕೇಳುತ್ತದೆ. ಕೇಳಿದ್ದನ್ನೂ ಕಂಡದ್ದನ್ನೂ ಇಲ್ಲಿ ಹೇಳುತ್ತೇನೆ. ತಪ್ಪು ಯಾರದೆಂದು ಓದಿದವರು ಬೇಕಾದರೆ ತೀರ್ಮಾನಿಸಲಿ, ನನ್ನಿಂದ ಆಗಿಲ್ಲ.

ಉಮಾವತಿಯ ಗಂಡ ಭುಜಂಗಣ್ಣ ಎಂದರೆ ಭುಜಂಗ ಸೇರಿಗಾರ, ಉಡುಪಿ ಹತ್ತಿರದ ಹಿರಿಯಡ್ಕದವರು. ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಕಲ್ಯಾಣದ ಕಡೆಗೆ ಹೋಗುವಾಗ ನಾಂದಿವಾಡಿ ಫಾಟಕ ಎಂದು ಒಂದಿತ್ತು. ವೆಸ್ಟಿನ ರಸ್ತೆ ರೈಲಿನ ಹಳಿಗಳನ್ನು ದಾಟಿ ಈಸ್ಟಿಗೆ ಹೋಗುವ ಜಾಗ ಅದು. ರೈಲು ಬರುವ ಮೊದಲು ಗಂಟೆ ಬಡಿಯುತ್ತಿತ್ತು, ಕೆಂಪು ಬಿಳಿ ಪಟ್ಟೆಯ ಕಂಬ ಎರಡೂ ಕಡೆ ಕೆಳಗಿಳಿಯುತ್ತಿತ್ತು. ಅದರ ಬದಿಗೇ, ವೆಸ್ಟಿನಲ್ಲಿ, ಭುಜಂಗಣ್ಣನ ಅಣ್ಣ ವಸಂತಕುಮಾರರು ಸಣ್ಣದೊಂದು ಹೋಟೆಲು ಹಾಕಿದ್ದರು. ಇಡ್ಲಿ, ಬನ್ಸು, ಬಟಾಟೆ ವಡೆ, ಚಾ. ತಮ್ಮನನ್ನು ಊರಿನಿಂದ ಕರೆಸಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂರಿಸಿದ್ದೂ ಅವರೇ. ಫಾಟಕ ಬಿದ್ದರೆ ಹೋಟೆಲಿಗೆ ಸುಗ್ಗಿ. ರಿಕ್ಷಾದವರು, ಟೆಂಪೋದವರು, ಹಾಲಿನವರು ಎಲ್ಲ ಸಾಲು ನಿಂತು ಅಲ್ಲಿಂದಲೇ ಅರ್ಧ ಲೋಟದ ಚಾಕ್ಕೆ ಕೂಗುತ್ತಿದ್ದರು: "ಅಣ್ಣಾ, ದೋ ಕಟಿಂಗ್!" ರೈಲು ನಮ್ಮ ಪಾಲುದಾರ, ಆದರೆ ಪಾಲು ಕೇಳುವುದಿಲ್ಲ ಎಂದು ವಸಂತಕುಮಾರರು ನಗುತ್ತಿದ್ದರಂತೆ.

ಒಂದು ಬೆಳಿಗ್ಗೆ ಅವರು ಆಚೆ ಕಡೆಯ ಮಾರ್ಕೆಟಿನಿಂದ ಬಾಳೆಲೆ ಹೊತ್ತು ಬರುತ್ತಿದ್ದರು. ಕಂಬ ಬಿದ್ದಿತ್ತು. ಎಲ್ಲರಂತೆ ಅವರೂ ಬಗ್ಗಿ ನುಸುಳಿದರು. ಕಲ್ಯಾಣದ ಕಡೆಯ ಲೋಕಲು ಎದುರಿಗೇ ಹಾದುಹೋಯಿತು. ಇನ್ನು ದಾರಿ ಖಾಲಿ ಎಂದುಕೊಂಡು ಕಾಲು ಮುಂದಿಟ್ಟರು. ಆ ಲೋಕಲಿನ ಮರೆಯಿಂದ, ಇನ್ನೊಂದು ಹಳಿಯ ಮೇಲೆ ಮುಂಬಯಿ ಕಡೆಗೆ ಓಡುವ ಫಾಸ್ಟ್ ಗಾಡಿ ಬಂತು. ಭುಜಂಗಣ್ಣ ಹೋಟೆಲಿನ ಬಾಗಿಲಲ್ಲಿ ನಿಂತಿದ್ದರು. ಅಣ್ಣ ಇವರನ್ನು ಕಂಡು ನಕ್ಕಿದ್ದರಂತೆ. ಅದಕ್ಕಿಂತ ಹೆಚ್ಚು ಅವರು ಯಾರ ಹತ್ತಿರವೂ ಹೇಳಿದ್ದಿಲ್ಲ.

ಊರಿನಲ್ಲಿ ಅಣ್ಣನ ಬೊಜ್ಜ, ಎಂದರೆ ಉತ್ತರಕ್ರಿಯೆ, ಮುಗಿದ ಮರುದಿನ, ಮನೆಯ ದೈವದ ಮುಂದೆ ದೀಪ ಹಚ್ಚಿ, ವೀಳ್ಯದೆಲೆ ಅಡಿಕೆ ಕೈಯಲ್ಲಿ ಹಿಡಿದು ಭುಜಂಗಣ್ಣ ಪ್ರಮಾಣ ಮಾಡಿದರು. ಫಾಟಕ ಮುಚ್ಚಿದ ಮೇಲೆ ನಮ್ಮ ಮನೆಯವರ ಕಾಲು ಹಳಿಯ ಮೇಲೆ ಬೀಳುವುದಿಲ್ಲ, ಅವರನ್ನು ಕಾಯುವುದು ನಿನ್ನ ಭಾರ ಎಂದು. ಮದುವೆಯಾಗಿ ಬಂದು ವರ್ಷವೂ ಆಗದ ಉಮಾವತಿಯ ಕೈಯನ್ನೂ ಆ ಎಲೆಯ ಮೇಲೆ ಇರಿಸಿದರು.

ಅವಳು ಅದನ್ನು ನನ್ನ ಹತ್ತಿರ ಎಷ್ಟು ಸಲ ಹೇಳಿ ನಕ್ಕಿದ್ದಳೋ. "ನಂಗೆ ಆಗ ಫಾಟಕ ಅಂದ್ರೆ ಎಂತದು ಅಂತಲೇ ಗೊತ್ತಿರ್ಲಿಲ್ಲ ಅಕ್ಕ. ಗದ್ದೆಯ ತಡಮೆ ಇರ್ಬೇಕು, ಮುಚ್ಚಿದ್ರೆ ದಾಟಬಾರ್ದು ಅಂತ ಹೇಳ್ತಿದ್ದಾರೆ, ಆಯ್ತು ಅಂತ ಕೈ ಇಟ್ಟೆ."

ಡೊಂಬಿವಲಿಗೆ ವಾಪಸು ಬಂದ ಮೇಲೆ ಭುಜಂಗಣ್ಣ ಹೋಟೆಲಿನಲ್ಲಿ ಒಂದು ಪದ್ಧತಿ ಹಾಕಿದರು. ಗಂಟೆ ಬಡಿದು ಕಂಬ ಇಳಿದ ಕೂಡಲೇ ಚಾದ ಕಿಟ್ಲಿ ಹಿಡಿದುಕೊಂಡು ಹೊರಗೆ ಹೋಗುವುದು. ನುಸುಳದೆ ಕಾದು ನಿಂತ ಕಾಲ್ನಡಿಗೆಯವರಿಗೆ ಅರ್ಧ ಲೋಟ ಚಾ ಪುಕ್ಕಟೆ. ಬಗ್ಗಿದವನಿಗೆ ಬೈಗುಳ.

"ಓಯ್, ಬಗ್ಗಬೇಡ! ಚಾಯ್ ಪೀಕೇ ಜಾ!"

"ಟೈಮ್ ನಹೀ ಹೈ ಶೇಟ್."

"ಚಾಯ್ ಪೀನೇ ಕಾ ಟೈಮ್ ನಹೀ, ಮರ್‌ನೇ ಕಾ ಟೈಮ್ ಹೈ?" ಚಾ ಕುಡಿಯಲು ಟೈಮಿಲ್ಲ, ಸಾಯಲು ಟೈಮಿದೆಯಾ ಎಂದು ಇವರ ಪ್ರಶ್ನೆ.

ಫಾಟಕದ ಗುಡಿಸಲಿನಲ್ಲಿ ಕೂತು ಕಂಬ ಇಳಿಸುವ ಗೇಟ್‌ಮ್ಯಾನ್ ಯಂಕಣ್ಣ ರಾಯಚೂರಿನ ಕಡೆಯವನು. ಇವರು ಸೇರಿಗಾರರಾದರೂ ಹೋಟೆಲಿನವರೆಲ್ಲ ಶೆಟ್ಟರೇ ಎಂದು ಅವನ ಲೆಕ್ಕ. "ಶೆಟ್ರ, ನೀವು ಹಿಂಗ ಪುಕ್ಕಟ ಚಾ ಕೊಟ್ರ ಮಂದಿ ಲಗೂನ ಫಾಟಕ ಹಾಕೋ ಅಂತ ನನ್ನ ಬೆನ್ನ ಹತ್ತತಾರ ನೋಡ್ರಿ."

"ಹತ್ತಲಿ ಮಾರಾಯ. ತಲೆ ಉಳಿದ್ರೆ ತಾನೆ ಚಾ ಕುಡಿಯುವುದು?"

"ನಿಮ್ಮ ಚಾ ಕುಡದ್ರ ತಲಿ ಉಳೀತದಂತ ಯಾರು ಹೇಳ್ಯಾರ್ರಿ? ಸಕ್ರಿ ಎಷ್ಟ್ ಹಾಕೀರಿ, ಬಾಯಾಗ ಇರಿವಿ ಹರದಾಡ್ತಾವ!"

ಕುಡಿದು ನಿಂತವರು ಕೆಲವರು. ಚಾ ಬೇಡ ಎಂದು ಕೈ ಮಾಡಿ ನುಸುಳಿದವರೇ ಹೆಚ್ಚು. ಒಂದು ದಿನ ಕಾದವನು ಮರುದಿನ ನುಸುಳುತ್ತಿದ್ದ. ಆದರೂ ಭುಜಂಗಣ್ಣ ಕಿಟ್ಲಿ ಬಿಡಲಿಲ್ಲ. ಜನ ಅವರಿಗೆ ಫಾಟಕ್ ಶೇಟ್ ಎಂದು ಹೆಸರಿಟ್ಟರು. ಮಗ ಸಮಿತ್ ಶಾಲೆಗೆ ಹೋಗುವಾಗ ಅಪ್ಪನ ಬೆರಳು ಹಿಡಿದು, ಬಿದ್ದ ಕಂಬದ ಈಚೆ ನಿಂತು, ತನ್ನ ಗೆಳೆಯರೆಲ್ಲ ನುಸುಳಿ ಓಡುವುದನ್ನು ನೋಡುತ್ತಿದ್ದ. ತಡವಾಗಿ ಹೋದದ್ದಕ್ಕೆ ಮಾಸ್ತರರ ಕೈಯಲ್ಲಿ ಬೈಸಿಕೊಂಡು ಬರುತ್ತಿದ್ದ.

ಉಮಾವತಿಗೆ ಮೊದಲು ಸಕ್ಕರೆ ಕಾಯಿಲೆ ಬಂತು. ಆಮೇಲೆ ಕಾಲು ಊದಿತು. ಆಮೇಲೆ ಡಾಕ್ಟರರು ಎರಡೂ ಕಿಡ್ನಿ ಹೋಗಿವೆ, ವಾರಕ್ಕೆರಡು ಸಲವಾದರೂ ಮಷೀನಿಗೆ ಹಾಕಿ ರಕ್ತ ತೊಳೆಯಬೇಕು ಎಂದರು. ಡಯಾಲಿಸಿಸ್ ಎಂದು ಅದಕ್ಕೆ ಹೆಸರು. ಫಾಟಕ ದಾಟಿದ ಕೂಡಲೇ, ಈಸ್ಟಿನಲ್ಲಿ, ಟ್ರಸ್ಟಿನವರ ಒಂದು ಸೆಂಟರ್ ಇತ್ತು. ಹೋಟೆಲಿನ ಬಾಗಿಲಲ್ಲಿ ನಿಂತರೆ ಅದರ ನೀಲಿ ಬೋರ್ಡು ಕಾಣುತ್ತಿತ್ತು. ಅಲ್ಲೇ ಅವಳ ಪಾಳಿ ಗೊತ್ತಾಯಿತು. ರಿಕ್ಷಾದಲ್ಲಿ ಕೂತರೆ, ಫಾಟಕ ಬಿದ್ದಿದ್ದರೂ ಒಂದು ಚಾ ಕುಡಿಯುವಷ್ಟರಲ್ಲಿ ತಲುಪುತ್ತಿದ್ದಳು. ಹೋಗಿಬಂದ ದಿನ ಗೋಡೆಗೆ ಒರಗಿ, "ಇವತ್ತು ಒಳ್ಳೆ ತೊಳೆದು ಕಳಿಸಿದ್ರು ಅಕ್ಕ, ಡ್ರೈಕ್ಲೀನ್ ಮಾಡಿದ ಸೀರೆಯ ಹಾಗೆ ಆಗಿದೆ" ಎನ್ನುತ್ತಿದ್ದಳು.

ಆಗಲೇ ಮೇಲ್ಸೇತುವೆಯ ಸುದ್ದಿ ಬಂದದ್ದು. ಪಾಲಿಕೆಯ ಶಾಲೆಯ ಹಾಲಿನಲ್ಲಿ ಜನರನ್ನು ಕರೆದು ಮೀಟಿಂಗ್ ಮಾಡಿದರು. ಬಂದ ಅಧಿಕಾರಿಗಳು ಹೇಳಿದ್ದು ಸರಿಯಾಗಿಯೇ ಇತ್ತು. ರಸ್ತೆ ಮತ್ತು ಹಳಿ ಒಂದನ್ನೊಂದು ದಾಟುವ ಕಡೆ ಜನ ಸಾಯುತ್ತಾರೆ, ಅದಕ್ಕೆ ಎಲ್ಲಿ ಸೇತುವೆ ಆಗುತ್ತದೋ ಅಲ್ಲಿ ಫಾಟಕ ಮುಚ್ಚಬೇಕು, ಇದು ನಿಯಮ ಎಂದರು. ಫಾಟಕ ಮುಚ್ಚಿದರೆ ಹೋಟೆಲಿಗೆ ಏಟು, ಫಾಟಕ್ ಶೇಟ್ ಈಗ ಎದ್ದು ಗಲಾಟೆ ಮಾಡುತ್ತಾನೆ ಎಂದು ಹಿಂದಿನಿಂದ ಯಾರೋ ನಕ್ಕರು. ಭುಜಂಗಣ್ಣ ಎದ್ದರು.

"ಬಂದ್ ಕರೋ ಸಾಹೇಬ್. ನಾಳೆಯೇ ಬಂದ್ ಕರೋ. ಮೇರೇ ಭಾಯಿ ಕೋ ಮೈನೇ ಉಧರ್ ದೇಖಾ ಹೈ. ಆದ್ರೆ ಚಲ್‌ಕೇ ಜಾನೇವಾಲೇ ಕ್ಯಾ ಕರೇಂಗೇ?"

ಅಣ್ಣ ಹೋದದ್ದನ್ನು ಅಲ್ಲೇ ಕಂಡವನು ನಾನು, ನಾಳೆಯೇ ಮುಚ್ಚಿ, ಆದರೆ ನಡೆದು ಹೋಗುವವರು ಏನು ಮಾಡಬೇಕು ಎಂದು ಅವರು ಕೇಳಿದ್ದು. ನಡೆಯುವವರಿಗೆ ಹಳಿಯ ಅಡಿಯಿಂದ ಸಬ್‌ವೇ ಬರುತ್ತದೆ, ಪ್ಲಾನಿನಲ್ಲಿ ಇದೆ ಎಂದರು. ಭುಜಂಗಣ್ಣ ಕೈಮುಗಿದು ಕೂತರು. ಮನೆಗೆ ಬಂದು ಉಮಾವತಿಗೆ ಹೇಳಿದ್ದು ಗೋಡೆಯ ಈಚೆಗೆ ನನಗೂ ಕೇಳಿತು. "ಇನ್ನು ಯಾರೂ ಸಾಯುದಿಲ್ಲ ಉಮಾ. ಅಡಿಯಿಂದ ಹೋಗುದು, ಅಡಿಯಿಂದ ಬರುದು. ಮೇಲೆ ಗಾಡಿ ಅದರಷ್ಟಕ್ಕೆ ಹೋಗ್ತದೆ."

ಸೇತುವೆ ಆಗಲು ವರ್ಷಗಳೇ ಹಿಡಿದವು. ಹೂವಿನ ಹಾರ ಹಾಕಿ ತೆರೆದ ವಾರದಲ್ಲೇ ಫಾಟಕದ ಎರಡೂ ಕಡೆ ಗೋಡೆ ಕಟ್ಟಿದರು. ಕಂಬ ಕಿತ್ತು ಲಾರಿಗೆ ಹಾಕಿದರು. ಯಂಕಣ್ಣ ಹೋಟೆಲಿಗೆ ಬಂದು ಚಾ ಕುಡಿದು, ಮೊದಲ ಸಲ ದುಡ್ಡು ಕೊಡಲು ಹೋದ.

"ಇಡು ಒಳಗೆ. ಎಲ್ಲಿಗೆ ಹಾಕಿದ್ದಾರೆ ನಿನ್ನನ್ನು?"

"ಬ್ಯಾರೆ ಫಾಟಕಕ್ಕರಿ. ಅದೂ ಮುಚ್ತಾರಂತ. ನಾ ಹ್ವಾದಲ್ಲೆಲ್ಲಾ ಮುಚ್ಚಕೋತ ಬರಾಕತ್ತಾರ." ನಕ್ಕ. ಹೊರಗೆ ಹೋಗಿ ಗುಡಿಸಲಿನ ಕಡೆಗೆ ನೋಡದೆ ನಡೆದ.

ಸಬ್‌ವೇಗೆ ವೆಸ್ಟಿನ ಕಡೆ ಒಂದು ದೊಡ್ಡ ಹೊಂಡ ತೋಡಿದ್ದರು. ಮೊದಲ ಮಳೆಗೆ ಅದು ತುಂಬಿತು. ಸುತ್ತ ತಗಡಿನ ಪತ್ರೆ ಹೊಡೆದು ಕೆಲಸದವರು ಹೋದರು. ನೀರು ಹಸಿರಾಯಿತು, ಸೊಳ್ಳೆ ಎದ್ದವು. ಹೊಂಡ ಮಾತ್ರ ಈಗಲೂ ಹಾಗೆಯೇ ಇದೆ.

ಗೋಡೆಯಲ್ಲಿ ಜನ ತೂತು ಮಾಡಿಕೊಂಡರು. ಒಬ್ಬರು ದಾಟುವಷ್ಟು. ಮುಚ್ಚಿದರು, ಮತ್ತೆ ಒಡೆದರು. ಮತ್ತೆ ಮುಚ್ಚಿದರು. ಮೂರನೆಯ ಸಲ ಒಡೆದ ಮೇಲೆ ಎಚ್ಚರಿಕೆಯ ಬೋರ್ಡು ಹಾಕಿದರು, ದಾಟುವುದು ಅಪರಾಧ, ದಂಡ ಇದೆ ಎಂದು. ಆ ಬೋರ್ಡಿಗೆ ಕೈ ಕೊಟ್ಟು ಹಿಡಿದುಕೊಂಡು ಜನ ಕಲ್ಲಿನ ಮೇಲೆ ಇಳಿಯುತ್ತಿದ್ದರು. ಆಚೆ ಮಾರ್ಕೆಟ್ಟು, ಶಾಲೆ, ಕಂಪನಿಯ ಬಸ್ಸು. ಸೇತುವೆಯ ಮೇಲೆ ನಡೆಯುವವರಿಗೆ ದಾರಿಯಿಲ್ಲ. ಅದು ಎಲ್ಲೋ ದೂರದಲ್ಲಿ ಏರಿ ಎಲ್ಲೋ ದೂರದಲ್ಲಿ ಇಳಿಯುತ್ತದೆ. ಸ್ಟೇಷನ್ನಿನ ಸೇತುವೆಗೆ ಹೋಗಬೇಕಾದರೆ ಮತ್ತೊಂದು ರಿಕ್ಷಾ, ಅಷ್ಟೊಂದು ಮೆಟ್ಟಿಲು.

ಭುಜಂಗಣ್ಣ ಕಿಟ್ಲಿ ತೆಗೆದುಕೊಂಡು ಆ ತೂತಿನ ಹತ್ತಿರ ಹೋದರು. "ರುಕೋ, ರುಕೋ, ಚಾಯ್ ಪೀಕೇ ಜಾವೋ." ಬೆನ್ನಿಗೆ ಬ್ಯಾಗು ಹಾಕಿದ ಒಬ್ಬ ಹುಡುಗ ಚಾ ತೆಗೆದುಕೊಂಡ. ಕುಡಿದು ಲೋಟ ಕೊಟ್ಟು ಮರ್ಯಾದೆಯಿಂದಲೇ ಕೇಳಿದ: "ಅಬ್ ಜಾವೂಂ ಅಂಕಲ್?"

ಭುಜಂಗಣ್ಣ ಈ ಕಡೆ ನೋಡಿದರು, ಆ ಕಡೆ ನೋಡಿದರು. ಮೊದಲು ಗಂಟೆ ಇತ್ತು, ಕಂಬ ಇತ್ತು, ಯಂಕಣ್ಣ ಇದ್ದ. ಕಂಬ ಎದ್ದರೆ ಹೋಗು ಎನ್ನಬಹುದಿತ್ತು. ಈಗ ಹೋಗು ಎನ್ನುವುದಕ್ಕೆ ಇವರು ಯಾರು? ಹುಡುಗ ಸ್ವಲ್ಪ ಕಾದು, ನಕ್ಕು, ದಾಟಿ ಹೋದ. ಆಮೇಲೆ ಕೆಲವು ದಿನ ಕಿಟ್ಲಿ ಹಿಡಿದುಕೊಂಡು ಹೋದರು, ಆಮೇಲೆ ನಿಲ್ಲಿಸಿದರು. ನಮ್ಮ ಕೆಳಗಿನ ಮನೆಯ ವಿಶಾಲ್ ಕಾಲೇಜಿಗೆ ಹೋಗುವಾಗ ಕಿವಿಗೆ ಹಾಡು ಹಾಕಿಕೊಂಡು ಅಲ್ಲೇ ಗಾಡಿಗೆ ಸಿಕ್ಕಿದ ದಿನ, ಭುಜಂಗಣ್ಣ ಹೋಟೆಲಿನ ಶಟರು ಎಳೆದು ಮನೆಗೆ ಬಂದು ಮಲಗಿದರು. ಆ ತಾಯಿಯ ಅಳು ಬಿಲ್ಡಿಂಗಿಗೆಲ್ಲ ಕೇಳುತ್ತಿತ್ತು.

ಇನ್ನು ಉಮಾವತಿಯ ಕಥೆ. ಸೇತುವೆ ಸುತ್ತಿ ಹೋಗಲು ರಿಕ್ಷಾದವರು ಒಪ್ಪುತ್ತಿರಲಿಲ್ಲ. ಒಪ್ಪಿದರೂ ಮೇಲೆ ಟ್ರಕ್ಕುಗಳ ಸಾಲಿನಲ್ಲಿ ಸಿಕ್ಕಿ ಬೀಳುತ್ತಿತ್ತು. ತಡವಾಗಿ ಹೋದರೆ ಪಾಳಿ ಬೇರೆಯವರಿಗೆ ಹೋಗಿರುತ್ತಿತ್ತು. ಮಷೀನು ಯಾರಿಗೂ ಕಾಯುವುದಿಲ್ಲ. ತೊಳೆಸಿಕೊಂಡು ಬರುವಾಗಲೂ ಬಿಸಿಲಿನಲ್ಲಿ ನಿಂತ ರಿಕ್ಷಾದಲ್ಲಿ ವಾಂತಿ. ವೆಸ್ಟಿನ ಆಸ್ಪತ್ರೆಯಲ್ಲಿ ಹೆಸರು ಕೊಟ್ಟಿದ್ದರು. "ಅಲ್ಲಿ ಜಾಗ ಆಗ್ಬೇಕಾದ್ರೆ ಯಾರಾದ್ರೂ ಸಾಯ್ಬೇಕು ಅಕ್ಕ" ಎಂದಳು ಉಮಾವತಿ. "ದಿನಾ ದೀಪ ಹಚ್ಚುವಾಗ ಯಾರೂ ಸಾಯದಿರ್ಲಿ ಅಂತ ಬೇಡ್ಲಿಕ್ಕೂ ಈಗ ಧೈರ್ಯ ಇಲ್ಲ."

ವಾರದಲ್ಲಿ ಒಂದು ಪಾಳಿ ತಪ್ಪತೊಡಗಿತು. ಮುಖ ಊದಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತೇ ನಿದ್ದೆ. ಒಂದು ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವಳೇ ಮಾತು ತೆಗೆದಳು.

"ನರ್ಸಮ್ಮಂದಿರೂ ಆ ತೂತಿಂದಲೇ ಬರುದು ಅಂತೆ. ನಂಗೆ ಒಬ್ರು ಕೈ ಹಿಡಿದ್ರೆ ಸಾಕು. ಹೋಗಿ ಬರುವ."

"ಎಲ್ಲಿಂದ?"

"ನೀವು ಕೇಳಿದ್ದೀರಿ ನಾನು ಹೇಳಿದ್ದು."

"ಉಮಾ, ಎಲೆಯ ಮೇಲೆ ನೀನೂ ಕೈ ಇಟ್ಟಿದ್ದಿ."

"ಇಟ್ಟಿದ್ದೆ. ಆಗ ನನ್ನ ಕೈ ಇಷ್ಟು ದಪ್ಪ ಇರ್ಲಿಲ್ಲ" ಎಂದು ಊದಿದ ಕೈ ತೋರಿಸಿದಳಂತೆ.

ಸಮಿತ್ ಈಗ ರಬಾಳೆಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಕನ್ನಡ, ತುಳು ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. ಫಾಟಕವೇ ಇಲ್ಲದ ಮೇಲೆ ಎಂಥ ಪ್ರಮಾಣ ಎಂದು ಕೇಳಿದ. "ಪಪ್ಪಾ, ಫಾಟಕ್ ಹೀ ನಹೀ ಹೈ ಅಬ್. ಕಿಸ್ ಚೀಜ್ ಕಾ ಪ್ರಮಾಣ?"

"ಫಾಟಕ ಮುಚ್ಚಿದ್ದಾರೆ. ಮುಚ್ಚಿದ್ದು ಅಂದ್ರೆ ಮುಚ್ಚಿದ್ದೇ."

"ಸಬ್ ಜಾತೇ ಹೈ ಉಧರ್ ಸೇ!"

"ಎಲ್ಲರೂ ಹೋಗ್ಲಿ. ನಮ್ಮ ಮನೆಯವರು ಹೋಗುದಿಲ್ಲ."

"ಮೈ ಜಾತಾ ಹೂಂ! ರೋಜ್ ಜಾತಾ ಹೂಂ! ಕಂಪನಿ ಕೀ ಬಸ್ ಈಸ್ಟ್ ಮೇ ಆತೀ ಹೈ, ಉಡ್‌ಕೇ ಜಾವೂಂ ಕ್ಯಾ?"

ತಾನು ದಿನಾ ಅಲ್ಲಿಂದಲೇ ದಾಟುತ್ತೇನೆ, ಕಂಪನಿಯ ಬಸ್ಸು ಬರುವುದೇ ಈಸ್ಟಿಗೆ ಎಂದು ಮಗ ಕೂಗಿದ್ದು ಗೋಡೆಯ ಈಚೆಗೂ ಕೇಳಿತು. ಸಂಜೆ ಉಮಾವತಿ ಹೇಳಿದಳು, ಇವರು ಕೈ ತೊಳೆದು ಎದ್ದು ಹೋದರು, ಮಗನಿಗೆ ಒಂದು ಮಾತು ಬಯ್ಯಲಿಲ್ಲ ಎಂದು. ಮಗ ದಾಟುವುದು ಅವಳಿಗೆ ಮೊದಲೇ ಗೊತ್ತಿತ್ತು. ದಿನಾ ಅವನು ಹೊರಟ ಮೇಲೆ, ತಲುಪಿದೆ ಎಂದು ಮೊಬೈಲಿನಲ್ಲಿ ಒಂದು ರಿಂಗು ಬರುವವರೆಗೆ ಅವಳು ನೀರು ಕುಡಿಯುತ್ತಿರಲಿಲ್ಲ.

ಭುಜಂಗಣ್ಣ ಆಮೇಲೆ ಒಂದೇ ಹಿಡಿದರು, ಸಬ್‌ವೇ ಆಗಬೇಕು ಎಂದು. ಪಾಲಿಕೆಗೆ ಹೋದರೆ ಅದು ನಮ್ಮದಲ್ಲ ಎಂದರು. ರೇಲ್ವೆಯವರನ್ನು ಕೇಳಿದರೆ ಹಳಿಯ ಅಡಿ ನಮ್ಮದು, ಹೊಂಡ ನಮ್ಮದಲ್ಲ ಎಂದರು. ಬೇಲಾಪುರದ ಕಚೇರಿಯೊಂದರಲ್ಲಿ ಅದರ ನಕ್ಷೆ ಇದೆ ಎಂದು ಯಾರೋ ಹೇಳಿದರು. ಉಮಾವತಿ ನನ್ನನ್ನು ಕರೆದಳು. "ಇವ್ರು ಅಲ್ಲಿ ಕೂಗಾಡಿದ್ರೆ ಕಷ್ಟ. ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ ಅಕ್ಕ. ಹಿರಿಯರು ಇದ್ರೆ ಸ್ವಲ್ಪ ಹಿಡಿತ."

ಠಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರಕ್ಕೆ ಹೋದೆವು. ದೊಡ್ಡ ಕಟ್ಟಡ, ಒಳಗೆ ಎಸಿಯ ಚಳಿ. ನಮ್ಮನ್ನು ಕಂಡದ್ದು ಮಾನಸಿ ಎಂಬ ಸಣ್ಣ ಪ್ರಾಯದ ಎಂಜಿನಿಯರು. ಭುಜಂಗಣ್ಣನ ಹಿಂದಿ ಕೇಳಿಯೇ ಗುರುತು ಹಿಡಿದಳು.

"ಕಾಕಾ, ಆಪ್ ಉಡುಪಿ ಸೈಡ್ ಕೇ? ನನ್ನ ಅಜ್ಜಿ ಕಾಪು. ಕನ್ನಡ ಸ್ವಲ್ಪ ಸ್ವಲ್ಪ ಬರ್ತದೆ."

ಭುಜಂಗಣ್ಣನ ಮುಖ ಅರಳಿತು. ಕಾಪು ಆದರೆ ನಮ್ಮದೇ ಮಗು ಎಂದು ಎಲ್ಲ ಹೇಳಿದರು: ಹೊಂಡ, ಹೆಂಡತಿ, ನೀಲಿ ಬೋರ್ಡು. ಅವಳು ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿ ನಕ್ಷೆ ತೋರಿಸಿದಳು. ಸಬ್‌ವೇ ಇತ್ತು. ಅಂದವಾಗಿ, ನೀಲಿ ಗೆರೆಯಲ್ಲಿ, ಎರಡು ಬದಿ ಇಳಿಜಾರು, ಗಾಲಿಕುರ್ಚಿ ಹೋಗುವ ಹಾಗೆ.

"ಇದು ಯಾವಾಗ ಆಗ್ತದೆ ಮಗಾ?"

"ಹಳೇ ಕಾಂಟ್ರ್ಯಾಕ್ಟರ್ ಛೋಡ್ ಕೇ ಗಯಾ. ಹೊಸ ಟೆಂಡರ್ ಆಗಬೇಕು. ಫಿರ್ ಗಾಡಿ ನಿಲ್ಲಿಸೋ ಪರ್ಮಿಶನ್. ನಾನು ಸುಳ್ಳು ಹೇಳೋದಿಲ್ಲ ಕಾಕಾ, ಮುಝೇ ನಹೀ ಪತಾ." ಆಮೇಲೆ ಕೇಳಿದಳು, "ಈಗ ನೀವು ಹೇಗೆ ಕ್ರಾಸ್ ಮಾಡ್ತೀರಿ?"

"ಮಾಡುದಿಲ್ಲ."

"ಬಹುತ್ ಅಚ್ಛಾ. ಎಲ್ಲರೂ ನಿಮ್ಮ ಹಾಗೆ ರೂಲ್ ಫಾಲೋ ಮಾಡಿದ್ರೆ ಯಾರೂ ಸಾಯೋದಿಲ್ಲ ಕಾಕಾ." ಮನಸ್ಸಿನಿಂದಲೇ ಹೇಳಿದಳು. ನೀರು ತರಿಸಿಕೊಟ್ಟಳು, ಲಿಫ್ಟಿನವರೆಗೆ ಬಂದು ಕಳಿಸಿದಳು.

ವಾಪಸು ಬರುವಾಗ ಗಾಡಿಯಲ್ಲಿ ಭುಜಂಗಣ್ಣ ಹೇಳಿದರು: "ಒಳ್ಳೆ ಹುಡುಗಿ. ಒಂದು ಬೈಗುಳ ಬಿಡ್ಲಿಕ್ಕೂ ಆಗ್ಲಿಲ್ಲ ಅಕ್ಕ."

ಅದೇ ವಾರ ಉಮಾವತಿಯ ಎರಡು ಪಾಳಿಯೂ ತಪ್ಪಿತು. ಮುಂದಿನ ಸೋಮವಾರ ಭುಜಂಗಣ್ಣ ಊರಿಗೆ ಫೋನ್ ಹಚ್ಚಿದರು, ಮನೆಯ ಹಿರಿಯ ಮುರಾರಿಯಣ್ಣನಿಗೆ. ಕಿವಿ ಮಂದವಾದ ಆ ಮನುಷ್ಯನಿಗೆ ಕೇಳಲೆಂದು ಇವರು ಕೂಗಿದ್ದು, ಅವರು ಆಚೆಯಿಂದ ಕೂಗಿದ್ದು, ಎರಡೂ ನನಗೆ ಕೇಳಿತು.

"ಪ್ರಮಾಣ ಬಿಡಿಸ್ಬೇಕಿತ್ತು ಮುರಾರಿಯಣ್ಣ!"

"ಅದಕ್ಕೆ ಎಂತ? ತಪ್ಪು ಕಾಣಿಕೆ ಕಟ್ಟಿಡು. ಬರುವ ಸಲ ಬಂದಾಗ ದೈವಕ್ಕೆ ಒಪ್ಪಿಸುವ!"

"ದೈವ ಸಿಟ್ಟಾದ್ರೆ?"

"ಹೆಂಡ್ತಿಯನ್ನು ಮದ್ದಿಗೆ ಕರ್ಕೊಂಡು ಹೋದದ್ದಕ್ಕೆ ಸಿಟ್ಟಾಗುವ ದೈವ ನಮ್ಮದಲ್ಲ ಮಾರಾಯ! ಇಷ್ಟು ದಿನ ಕೇಳದೆ ಎಂತ ಮಾಡ್ತಿದ್ದಿ ನೀನು?"

ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದು ನಾನೂ ಯೋಚಿಸಿದೆ. ಕೇಳಿದರೆ ಮುರಾರಿಯಣ್ಣ ಪ್ರಮಾಣ ಬಿಡಿಸುತ್ತಾರೆ, ಆಮೇಲೆ ದಾಟದಿರಲು ಕಾರಣ ಉಳಿಯುವುದಿಲ್ಲ ಎಂದು ಭುಜಂಗಣ್ಣನಿಗೆ ಗೊತ್ತಿತ್ತು ಎಂದು ನನ್ನ ಅಂದಾಜು.

ಮರುದಿನ ಮಂಗಳವಾರ, ಉಮಾವತಿಯ ಪಾಳಿ. ಅರಸಿನ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಗೂಡಿನಲ್ಲಿಟ್ಟು, ಭುಜಂಗಣ್ಣ ಅವಳನ್ನು ಹೊರಡಿಸಿದರು. ಸಮಿತ್ ಕೆಲಸಕ್ಕೆ ಹೋಗಿದ್ದ. ಒಂದು ಕೈ ಅವರು ಹಿಡಿದರು, ಒಂದು ಕೈ ನಾನು. ಉಮಾವತಿ ಒಳ್ಳೆಯ ಸೀರೆ ಉಟ್ಟಿದ್ದಳು. ಗೋಡೆಯ ಹತ್ತಿರ ಬಂದಾಗ ಬಿಸಿಲು ಏರಿತ್ತು, ತೂತಿನಲ್ಲಿ ಜನ ಬರುತ್ತಿದ್ದರು, ಹೋಗುತ್ತಿದ್ದರು. ಆಚೆ ನೀಲಿ ಬೋರ್ಡು ಕಾಣುತ್ತಿತ್ತು.

ಭುಜಂಗಣ್ಣ ತೂತಿನಿಂದ ತಲೆ ಹೊರಗೆ ಹಾಕಿ ಎರಡು ಕಡೆಯೂ ನೋಡಿದರು. "ನಿಲ್ಲಿ, ಒಂದು ಬರ್ತಾ ಉಂಟು."

ಲೋಕಲು ಬಂತು, ಹೋಯಿತು. ಹತ್ತು ಜನ ದಾಟಿದರು. "ಹೋಗುವನಾ?" ಎಂದಳು ಉಮಾವತಿ.

"ನಿಲ್ಲು. ಅದರ ಹಿಂದೆ ಇನ್ನೊಂದು ಇರ್ತದೆ."

ಇನ್ನೊಂದು ಬರಲಿಲ್ಲ. ಬರಲಿಲ್ಲವಲ್ಲ ಎಂದು ಹೊರಡುವಷ್ಟರಲ್ಲಿ ದೂರದಲ್ಲಿ ಒಂದು ಕಂಡಿತು. ಅದು ಹೋಗುವವರೆಗೆ ನಿಂತೆವು. ಅದು ಹೋಗುವಾಗ ಗೂಡ್ಸ್ ಗಾಡಿ ಬಂತು. ಅದು ಮುಗಿಯುವಂಥದ್ದೇ ಅಲ್ಲ. ಉಮಾವತಿಗೆ ನಿಲ್ಲಲು ಆಗಲಿಲ್ಲ, ಒಂದು ಸಿಮೆಂಟಿನ ತುಂಡಿನ ಮೇಲೆ ಕೂರಿಸಿದೆ. ಸೊಪ್ಪಿನ ಬುಟ್ಟಿ ಹೊತ್ತ ಒಬ್ಬಳು ಮರಾಠಿ ಹೆಂಗಸು ನೋಡಿ ನಿಂತಳು. ಬುಟ್ಟಿ ಸೊಂಟಕ್ಕೆ ಇಳಿಸಿ, ನಾನು ಹಿಡಿಯುತ್ತೇನೆ, ಈಗ ಗಾಡಿ ಇಲ್ಲ ಎಂದು ಒಂದು ಕೈ ಚಾಚಿದಳು. "ಚಲಾ ಆಜಿ, ಮೀ ಧರತೆ. ಆತ್ತಾ ಗಾಡಿ ನಾಹಿ."

ಉಮಾವತಿ ಎದ್ದಳು. ಆ ಹೆಂಗಸಿನ ಕೈ ಹಿಡಿದಳು. ಒಂದು ಕಾಲು ತೂತಿನ ಆಚೆ ಇಟ್ಟಿದ್ದಳು. ಭುಜಂಗಣ್ಣ ಇನ್ನೊಂದು ತೋಳು ಹಿಡಿದವರು ಬಿಡಲಿಲ್ಲ.

"ಬೇಡ, ಬೇಡ. ಖಾಲಿ ಕಂಡಾಗಲೇ ಬರುದು ಅದು. ನಿಲ್ಲು ಉಮಾ."

"ಬಿಡಿ ನನ್ನನ್ನು. ಇಷ್ಟು ಹತ್ರ ಬಂದಾಯ್ತಲ್ಲ."

"ಬಿಡ್ತೇನೆ. ಇದೊಂದು ನೋಡುವ. ಇದೊಂದೇ."

ನಾನು ಬಿಡಿ ಎನ್ನಬೇಕಿತ್ತೋ ಏನೋ. ಹಳಿಯ ಕಡೆ ನೋಡಿದೆ, ಎರಡು ಬದಿಯೂ ಬಿಸಿಲಿಗೆ ಮಿನುಗಿ ಕಣ್ಣು ಕುಕ್ಕುತ್ತಿತ್ತು, ಗಾಡಿ ಇದೆಯೋ ಇಲ್ಲವೋ ನನಗೂ ತಿಳಿಯಲಿಲ್ಲ. ಆ ಹೆಂಗಸು ಒಮ್ಮೆ ಇವರನ್ನು, ಒಮ್ಮೆ ಅವಳನ್ನು ನೋಡಿ, ಕೈ ಬಿಡಿಸಿಕೊಂಡು, ಬುಟ್ಟಿ ತಲೆಗೇರಿಸಿ ದಾಟಿದಳು. ಆಚೆ ದಡದಿಂದ ತಿರುಗಿ ನೋಡಿ, ಬನ್ನಿ ಎಂದು ಮತ್ತೊಮ್ಮೆ ಕೈ ಬೀಸಿದಳು. ಆಗಲೂ ಗಾಡಿ ಇರಲಿಲ್ಲ.

ಹಾಗೇ ನಿಂತೆವು. ಒಂದೊಂದೇ ಗಾಡಿ ಹೋದ ಮೇಲೆ ಅವರು "ಈಗ" ಎನ್ನುತ್ತಿದ್ದರು, ಕಾಲು ಎತ್ತುತ್ತಿದ್ದರು, ಮತ್ತೆ ಇಡುತ್ತಿದ್ದರು. ಕೊನೆಗೆ ಉಮಾವತಿ ನನ್ನ ಮೊಬೈಲಿನಲ್ಲಿ ಗಂಟೆ ಕೇಳಿದಳು. ಹೇಳಿದೆ.

"ಪಾಳಿ ಹೋಯ್ತು" ಎಂದಳು. "ಮನೆಗೆ ಹೋಗುವ."

"ಇನ್ನೊಂದು ಸಲ ನೋಡುವ ಉಮಾ."

"ನೋಡಿದ್ದು ಸಾಕು. ಬನ್ನಿ. ಬಿಸಿಲಿಗೆ ನಿಮಗೆ ತಲೆ ತಿರುಗ್ತದೆ."

ಕರೆದುಕೊಂಡು ಹೋಗಲು ಬಂದವರನ್ನು ಅವಳೇ ಕೈ ಹಿಡಿದು ವಾಪಸು ಕರೆದುಕೊಂಡು ಬಂದಳು. ಮನೆಗೆ ಬಂದು ಕೂತ ಮೇಲೆ ಭುಜಂಗಣ್ಣ, ನಾಳೆ ಬೇರೆ ರಿಕ್ಷಾಕ್ಕೆ ಹೇಳುತ್ತೇನೆ ಎಂದರು. "ಹೇಳಿ" ಎಂದಳು. ಆಮೇಲೆ ಅವಳು ಆ ತೂತಿನ ಮಾತೇ ಎತ್ತಲಿಲ್ಲ. ರಿಕ್ಷಾ ಸಿಕ್ಕಿದ ದಿನ ಹೋದಳು, ಸಿಗದ ದಿನ ಇಲ್ಲ. ಸಮಿತ್ ರಜೆ ಹಾಕಿ ಒಂದೆರಡು ಸಲ ಬಾಡಿಗೆ ಕಾರು ಮಾಡಿದ. ಆಷಾಢದ ಮಳೆಯಲ್ಲಿ ಸೇತುವೆಯ ಕೆಳಗಿನ ರಸ್ತೆಗೆ ನೀರು ತುಂಬಿದ ಮೇಲೆ ಕಾರೂ ಹೋಗಲಿಲ್ಲ. ಆ ವಾರದಲ್ಲೇ, ಹಾಡುಹಗಲು, ಕೂತಲ್ಲೇ ಹೋದಳು. ಎದೆಯಲ್ಲಿ ನೀರು ತುಂಬಿತ್ತು ಎಂದರು.

ಬಂದವರೆಲ್ಲ ಹೋದ ಮೇಲೆ ಭುಜಂಗಣ್ಣ ನನ್ನ ಬಾಗಿಲಿಗೆ ಬಂದು ನಿಂತರು. ಅತ್ತಿರಲಿಲ್ಲ.

"ಅಕ್ಕ, ಆ ದಿನ ಸೊಪ್ಪಿನವಳು ಕೈ ಹಿಡಿದಿದ್ದಳಲ್ಲ. ಅವಳೊಟ್ಟಿಗೆ ಕಳಿಸ್ಬಹುದಿತ್ತಾ?"

ಕೂತುಕೊಳ್ಳಿ ಎಂದೆ. ಕೂರಲಿಲ್ಲ. ಮೊನ್ನೆ ಭಾನುವಾರ ಮತ್ತೆ ಬಂದು ಅದನ್ನೇ ಕೇಳಿದರು.